ನೊರೆಯಣ್ಣನ ಗೋಲಿ

ನೊರೆಯಣ್ಣನ ಕಸುಬು ನೆಲ ಎತ್ತುವುದು: ಕುಸಿದ ಕಾಂಕ್ರೀಟಿಗೆ ಹೆಬ್ಬೆರಳು ಗಾತ್ರದ ತೂತು ಕೊರೆದು, ಕೆಳಗಿನ ಸಡಿಲ ಮಣ್ಣಿಗೆ ಉಬ್ಬುವ ನೊರೆ ತುಂಬುತ್ತಾನೆ. ಯಾರ ಮನೆಗೆ ಹೋದರೂ ಮಾತಿಗೆ ಮೊದಲು ಹಿಮ್ಮಡಿಯಿಂದ ನೆಲ ಕುಟ್ಟಿ ಕಿವಿಗೊಡುತ್ತಾನೆ. ಹೆಂಡತಿ ಹೆತ್ತಾಗಲೂ ಮಗುವಿಗಿಂತ ಮೊದಲು ಆಸ್ಪತ್ರೆ ವಾರ್ಡಿನ ನೆಲ ನೋಡಿದನೆಂದು ಅವಳ ದೂರು. ನೆಲ ಕುಸಿಯಿತೆಂದು ಗೊಣಗುವ ಮನೆ ಮಾಲೀಕರಿಗೆ, “ನೆಲಾನ ಬೈಬೇಡಿ, ಪಾಪ, ಅದರ ಕಾಲಡಿ ಮಣ್ಣೇ ಸರಿದುಹೋಗಿದೆ” ಎನ್ನುತ್ತಾನೆ. ನೊರೆ ತುಸು ಹೆಚ್ಚಾಗಿ ನೆಲ ಉಬ್ಬಿದರೆ ಮತ್ತೆ ಇಳಿಸಲಾಗದು. ಅದಕ್ಕೇ ಮಟ್ಟ ನೋಡುವ ಯಂತ್ರವನ್ನೂ ನಂಬದೆ, ಜೇಬಿನ ಗೋಲಿಯನ್ನು ನೆಲದ ಮೇಲಿಟ್ಟು, ಅದು ಉರುಳದೆ ನಿಂತರಷ್ಟೇ ಉಸಿರು ಬಿಡುತ್ತಾನೆ. ಮೊನ್ನೆ ಅಜ್ಜಿಯೊಬ್ಬರ ಕೋಣೆಯಲ್ಲಿ ಗೋಲಿ ನಿಂತರೂ ಅವನು ಉಸಿರು ಬಿಡಲಿಲ್ಲ. ನೆಲ ವಾಲಿದಾಗಿನಿಂದ, ಬ್ರೇಕ್ ಸವೆದ ಗಾಲಿಕುರ್ಚಿ ಬಾಗಿಲಿಗೆ ಓಡದಂತೆ ಒಂದು ಕೈಯಲ್ಲಿ ಗಾಲಿ ಹಿಡಿದೇ ಕೂರುತ್ತಿದ್ದ ಅಜ್ಜಿ ಈಗಲೂ ಹಿಡಿದೇ ಇದ್ದರು. “ಕೈ ಬಿಡಿ ಅಜ್ಜಿ.” “ಬಿಟ್ರೆ ಓಡುತ್ತೆ ಕಣಪ್ಪಾ!” “ಓಡಿದ್ರೆ ಹಿಡಿಯೋಕೆ ನಾನಿಲ್ವಾ?” ಎಂದು ಬಾಗಿಲಿಗಡ್ಡ ಕೈಚಾಚಿ ಕುಕ್ಕರಗಾಲಲ್ಲಿ ಕೂತ. ಅಜ್ಜಿ ಬೆರಳು ಬೆರಳಾಗಿ ಬಿಟ್ಟರು. ಕುರ್ಚಿ ಕದಲಲಿಲ್ಲ. ನೊರೆಯಣ್ಣ ಉಸಿರು ಬಿಡುವಷ್ಟರಲ್ಲಿ ಅಜ್ಜಿ ಎರಡೂ ಕೈಯೆತ್ತಿ, ಎಷ್ಟೋ ತಿಂಗಳ ಮೇಲೆ, ತಮ್ಮ ತುರುಬನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು.