ಆಯಿ ಬಂದ ದಿನದ ಅಕ್ಷರ

ಹೊಸ ನೂಲಿನ ಸೀರೆಯನ್ನು ಮೊದಲ ಸಲ ನೀರಿಗೆ ಹಾಕಿದಾಗ ಗಂಜಿಯ ವಾಸನೆ ಏಳುತ್ತದಲ್ಲ, ನಿನ್ನೆ ಅದು ಮೂಗಿಗೆ ಬಡಿದದ್ದೇ ತಡ, ಬಕೆಟ್ಟಿನ ಮುಂದೆ ಕುಳಿತವಳು ನೇಕಾರರ ಊರಾದ ಬನಹಟ್ಟಿಯ ನನ್ನ ಹಳೆಯ ಶಾಲೆಗೆ ಹೋಗಿಬಿಟ್ಟೆ. ಆಗ ನಾನು ಮುಧೋಳದಿಂದ ಬಂದ ಹೊಸ ಟೀಚರು, ಮಕ್ಕಳ ಬಾಯಲ್ಲಿ ಅಕ್ಕೋರು. ಕೊಟ್ಟದ್ದು ಒಂದನೇ ಇಯತ್ತೆಯ ತರಗತಿ. ಓಣಿಯ ತುಂಬ ಮಗ್ಗಗಳ ಸದ್ದು. ಅದನ್ನು ಮೀರಿಸಿ ಕೂಗಬೇಕೆಂದು ನಾನು ಮೊದಲ ವಾರದಲ್ಲೇ ಗಂಟಲು ಕೆಡಿಸಿಕೊಂಡೆ.

ಮಕ್ಕಳು ಅಕ್ಷರಮಾಲೆಯನ್ನು ಹಾಡಿನಂತೆ ಒಪ್ಪಿಸುತ್ತಿದ್ದರು. ನಡುವೆ ನಿಲ್ಲಿಸಿ ಒಂದಕ್ಷರ ಕೇಳಿದರೆ ಮಾತ್ರ ಮಿಕಿಮಿಕಿ ನೋಡುತ್ತಿದ್ದರು. ಅದಕ್ಕೇ ಒಂದು ಆಟ ಹೂಡಿದೆ. ದಿನಕ್ಕೊಂದು ಅಕ್ಷರ. ಅದರಿಂದ ಶುರುವಾಗುವ ವಸ್ತುವನ್ನು ಮನೆಯಿಂದ ತಂದು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಮೊದಲ ಸದ್ದನ್ನಷ್ಟೇ ಹೇಳಬೇಕು, ಉಳಿದವರು ಊಹಿಸಬೇಕು. ‘ಬ’ದ ದಿನ ಒಬ್ಬ “ಬ… ಬ…” ಎನ್ನುತ್ತ ಖಾಲಿ ಕೈ ಚಾಚಿದ. ಅಂಗೈ ಅಂಟಂಟಾಗಿತ್ತು. ಬೆಲ್ಲ ದಾರಿಯಲ್ಲೇ ಹೊಟ್ಟೆ ಸೇರಿತ್ತು! ‘ಎ’ ದಿನವಂತೂ ಜಗಳವೇ ಆಯಿತು. “ನಮ್ಮ ಮನಿ ಯಮ್ಮಿ ‘ಯ’ದಾಗ ಬರತೈತ್ರಿ ಅಕ್ಕೋರ” ಎಂದು ಒಬ್ಬಳು ಪಟ್ಟು ಹಿಡಿದಳು. ಅವಳು ಎಮ್ಮೆ ಎನ್ನುವ ರೀತಿ ಕೇಳಿದರೆ ನನಗೂ ಹೌದೆನಿಸಿತು.

ಮೂಲೆಯ ದಾನವ್ವ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಶಾಲೆಗೆ ಸೇರಿದಾಗಿನಿಂದ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ‘ಆ’ ದಿನ ಆಟ ನಡೆದಿದ್ದಾಗ ಅವಳ ಅಜ್ಜಿ ಬಾಗಿಲಿಗೆ ಬಂದು ನಿಂತಳು. ಬಾಗಿಲು ತುಂಬುವ ಆಳು.

“ಅಕ್ಕೋರ, ನಮ್ಮ ಹುಡುಗಿನ್ನ ಕಳಸ್ರಿ. ಬಾಯಿನ ಬಿಡವಲ್ಲದು, ಏನ ಕಲತೀತು? ಮನ್ಯಾಗ ಕುಂತು ಕಂಡಿಕಿಗೆ ನೂಲರ ಸುತ್ತಲಿ.”

ಹೀಗೆ ಮಗ್ಗದ ನೂಲಿನುಂಡೆ ಸುತ್ತಲು ಮನೆಗೆ ಹೋದ ಹುಡುಗಿಯರು ಮತ್ತೆ ಬರುತ್ತಿರಲಿಲ್ಲ. ನಾನು ಬಾಗಿಲ ಕಡೆ ಹೆಜ್ಜೆ ಇಡುವಷ್ಟರಲ್ಲಿ ದಾನವ್ವ ಎದ್ದು ಹೋಗಿ ಅಜ್ಜಿಯ ಸೆರಗು ಹಿಡಿದು ಎಳೆದು ತಂದು ನಮ್ಮ ನಡುವೆ ನಿಲ್ಲಿಸಿದಳು. ಕತ್ತೆತ್ತಿ, “ಆ…” ಎಂದಳು.

“ಆಕಳಾ!” ಎಂದಿತು ಒಂದು ದನಿ. “ಆನಿ!” ಎಂದಿತು ಇನ್ನೊಂದು.

“ಯಾರಲೇ ನನಗ ಆನಿ ಅನ್ನಾಂವ?” ಅಜ್ಜಿ ಸೊಂಟಕ್ಕೆ ಕೈ ಇಟ್ಟಳು.

“ಆಯಿ!” ಎಂದಳು ದಾನವ್ವ. ಮಗ್ಗದ ಸದ್ದನ್ನು ಮೀರಿಸುವಂತೆ.

ಅಜ್ಜಿಯನ್ನು ಅಲ್ಲಿ ಹಾಗೇ ಕರೆಯುತ್ತಾರೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅಜ್ಜಿ ಮೊಮ್ಮಗಳ ಕಡೆ ಬಾಗಿದಳು. “ಇನ್ನೊಮ್ಮಿ ಅನ್ನಬೇ” ಎಂದಳು. ಹೇಳಿಸಿಕೊಂಡು, ನೆಲದ ಮೇಲೆ ಮಕ್ಕಳ ಸಾಲಿನಲ್ಲೇ ಕುಳಿತು ನನ್ನ ಕಡೆ ತಿರುಗಿದಳು: “ನಾಳಿಗೆ ಯಾವ ಅಕ್ಷರಾರಿ?”

“ನೂಲು ಸುತ್ತೋದು?” ಎಂದು ಅಳುಕುತ್ತಲೇ ಕೇಳಿದೆ.

“ನನಗೇನ ಕೈ ಇಲ್ಲೇನ್ರಿ? ನಾ ಸುತ್ತತೇನಿ.”

ಮುಂದೆ ದಾನವ್ವನಿಗೆ ನಾನು “ಸಾಕವ್ವಾ, ಬಾಕಿ ಮಂದಿಗೂ ಬಿಡು” ಎನ್ನಬೇಕಾದ ದಿನಗಳು ಬಂದವು. ನಾಲ್ಕನೇ ಇಯತ್ತೆಯವರೆಗೂ ಅವಳು ನಮ್ಮ ಶಾಲೆಯಲ್ಲೇ ಇದ್ದಳು. ಆಮೇಲೆ ಹೈಸ್ಕೂಲಿಗೂ ಹೋದಳೆಂದು ಕೇಳಿದೆ. ತರಬೇತಿಯಲ್ಲಿ ಎಷ್ಟೊಂದು ಕಲಿತು ಬಂದಿದ್ದರೂ, ಮಗು ಯಾರ ಮುಂದೆ ಬಾಯಿ ಬಿಡುತ್ತದೆ ಎಂದು ಕೇಳಲು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಸೀರೆ ಹಿಂಡಿ ಹರವುತ್ತಿದ್ದಾಗ ಪಕ್ಕದ ಮನೆಯ ಹೊಸ ಟೀಚರು ಬಂದು, ತನ್ನ ತರಗತಿಯ ಒಂದು ಕೂಸು ತುಟಿ ಬಿಚ್ಚುವುದೇ ಇಲ್ಲ ಎಂದು ಪೇಚಾಡಿಕೊಂಡಳು. ಮೊದಲಾಗಿದ್ದರೆ ನಾಲ್ಕು ಆಟ ಹೇಳಿ ಕಳಿಸುತ್ತಿದ್ದೆನೇನೋ. ನಿನ್ನೆ ಒದ್ದೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದೆ.

“ಅದರ ಮನಿ ಎಲ್ಲೈತಿ? ನಡಿ, ಹೋಗಿ ಮಾತಾಡಿಸಿ ಬರೂಣು.”