ಲೆಕ್ಕಕ್ಕೆ ಸೇರದ ಅಕ್ಕ

ನನ್ನನ್ನು ಹೆತ್ತವಳನ್ನು ನಾನು ಚಿಕ್ಕವ್ವ ಅಂತಲೇ ಕರೆಯುವುದು. ಮಕ್ಕಳಾಗದ ತನ್ನ ಅಕ್ಕನ ಮಡಿಲಿಗೆ ಅವಳು ನನ್ನನ್ನು ಹಸುಗೂಸಾಗಿದ್ದಾಗಲೇ ಹಾಕಿದ್ದಳು. ಆ ಅಕ್ಕನೇ ನನ್ನ ಅವ್ವ. ನಾನು ಬೆಳೆದದ್ದು ಚಳ್ಳಕೆರೆಯಲ್ಲಿ. ಚಿಕ್ಕವ್ವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಇದೇನು ಗುಟ್ಟಲ್ಲ, ಎಲ್ಲರಿಗೂ ಗೊತ್ತು. ಆದರೆ ಒಮ್ಮೆ ಮಡಿಲಿಗೆ ಹಾಕಿದ ಮಗುವನ್ನು ಹೆತ್ತವಳು ತನ್ನದು ಅನ್ನಬಾರದು, ಅದರಿಂದ ಏನನ್ನೂ ಕೇಳಬಾರದು ಅನ್ನುವುದು ನಮ್ಮ ಮನೆತನದ ಕಟ್ಟು.

ಅವಳ ಕಿರಿಮಗನಿಗೆ ರಕ್ತದ ಕಾಯಿಲೆ ಬಂತು. ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಬೇರೆಯವರಿಂದ ತೆಗೆದು ಹಾಕಬೇಕು, ಒಡಹುಟ್ಟಿದವರದು ಹೊಂದಿದರೆ ಎಲ್ಲಕ್ಕಿಂತ ಒಳ್ಳೆಯದು ಎಂದರು ಬೆಂಗಳೂರಿನ ಡಾಕ್ಟರು. ಮಕ್ಕಳೆಷ್ಟು ಎಂದು ಕೇಳಿದ್ದಕ್ಕೆ ಚಿಕ್ಕವ್ವ ಇಬ್ಬರೇ ಅಂದಳಂತೆ. ದೊಡ್ಡ ಮಗನದು ಹೊಂದಲಿಲ್ಲ. ದಾನ ಮಾಡಲು ಹೆಸರು ಬರೆಸಿದ ಅಪರಿಚಿತರಲ್ಲಿ ಹುಡುಕಾಟ ಶುರುವಾಯಿತು. ತಿಂಗಳುಗಳೇ ಹೋದವು.

ಇದು ತಿಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಫೋನಿನಲ್ಲೇ ಕೂಗಾಡಿದೆ.

"ಎಲ್ಲೆಲ್ಲೋ ಇರೋರ್ನ ಹುಡುಕ್ತೀರಲ್ಲ, ನಾನೇನ್ ಸತ್ತಿದ್ನಾ?"

"ಹೆಂಗ್ ಕೇಳ್ಲವ್ವಾ? ಕೊಟ್ಟಾಗೈತೆ," ಅಂದಳು ಚಿಕ್ಕವ್ವ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಬ್ಯಾಗಿಗೆ ಬಟ್ಟೆ ತುರುಕಿದಳು. ಮರುದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನನ್ನು ಚಿಕ್ಕವ್ವನ ಎದುರು ನಿಲ್ಲಿಸಿದಳು. "ನಿಂಗೆ ಕೇಳೋಕಾಗಲ್ಲ. ಅದ್ಕೇ ನಾನೇ ಕರ್ಕೊಂಡ್ ಬಂದೀನಿ."

ಪರೀಕ್ಷೆಗೆ ರಕ್ತ ಕೊಟ್ಟು ಚಳ್ಳಕೆರೆಗೆ ಮರಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಹೋಗುತ್ತಿದ್ದೆ, ಹಾಲು ಉಕ್ಕಿ ಚೆಲ್ಲುತ್ತಿತ್ತು. ಹೊಲಿಗೆ ಮಿಷನ್ನಿನ ಮುಂದೆ ಕೂತರೆ ರವಿಕೆಯ ಬಲತೋಳು ಎಡಕ್ಕೆ ಸೇರಿರುತ್ತಿತ್ತು. ರವಿಕೆ ಕೇಳಲು ಬಂದವರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಒಡಹುಟ್ಟಿದವರದಾದರೂ ಹೊಂದೇ ಹೊಂದುತ್ತದೆ ಅನ್ನುವ ಖಾತ್ರಿ ಇಲ್ಲ ಎಂದಿದ್ದರು ಡಾಕ್ಟರು. ತಮ್ಮ ಉಳಿಯುತ್ತಾನೋ ಇಲ್ಲವೋ ಅನ್ನುವ ಭಯ. ಅದರ ಜೊತೆಗೇ, ನೀನು ಆ ಮನೆಗೆ ಏನೂ ಅಲ್ಲ ಅಂತ ರಕ್ತವೂ ಹೇಳಿಬಿಟ್ಟರೆ ಅನ್ನುವ ಹುಚ್ಚು ಸಂಕಟ. ಇದನ್ನು ಅವ್ವನಿಗೆ ಹೇಳುವ ಹಾಗೂ ಇರಲಿಲ್ಲ.

ಒಂದು ಮಧ್ಯಾಹ್ನ ಚಿಕ್ಕವ್ವನ ಫೋನು ಬಂತು. ಸ್ಪೀಕರಿಗೆ ಹಾಕಿದೆ. ಅವಳು ಮಾತಾಡಿದ್ದು ನನ್ನ ಜೊತೆಗಲ್ಲ.

"ಅಕ್ಕಾ, ನಿನ್ ಮಗಳದು ಪೂರ್ತಿ ಹೊಂದೈತಂತೆ. ಡಾಕ್ಟ್ರು ಧೈರ್ಯ ಹೇಳಿದ್ರು."

ನಾನು ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಫೋನನ್ನು ಬಾಯಿಯ ಹತ್ತಿರ ತಂದಳು.

"ಇವತ್ತೊಂದಿನ ನಮ್ ಮಗಳು ಅನ್ನೇ."

ಆ ಕಡೆಯಿಂದ ಅಳು ಮಾತ್ರ ಕೇಳಿಸಿತು.