ಗುರುನಾಥನ ಮಾತು ಕೇಳುತ್ತಿದ್ದ ಹುಳು

ದೆವ್ವ, ಶಕುನ ಇಂಥವನ್ನು ನಾನು ನಂಬುವವನಲ್ಲ. ಯಾರಾದರೂ ಅಂಥ ಕತೆ ತೆಗೆದರೆ ನಾಲ್ಕು ಪ್ರಶ್ನೆ ಹಾಕಿ ಬಾಯಿ ಮುಚ್ಚಿಸುವುದೇ ನನ್ನ ಚಟ. ಈ ಕತೆಗೂ ಅವೇ ಪ್ರಶ್ನೆ ಹಾಕಿ ನೋಡಿ, ಬೇಡ ಅನ್ನುವುದಿಲ್ಲ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ಬೈಲಹೊಂಗಲದ ವಾಚನಾಲಯದಲ್ಲಿ ನಾವು ಕೆಲವರು ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದೆವು. ಧಾರವಾಡಕ್ಕೆ ಒಬ್ಬನೇ ಹೋಗಬೇಕು: ನಾನು, ಇಲ್ಲವೇ ಕಿತ್ತೂರಿನ ಗುರುನಾಥ. ವಾಚನಾಲಯದ ಮೇಜು, ವಿಲಾಯತಿಯಿಂದ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಯಂತ್ರ ಬಂದ ಪೈನ್ ಮರದ ಪೆಟ್ಟಿಗೆ ಒಡೆದು ಮಾಡಿದ್ದು. ಅದರೊಳಗೆ ಒಂದು ಹುಳುವಿತ್ತು. ನಾನು ಮಾತಿಗೆ ನಿಂತರೆ ಹಲಗೆಯೊಳಗೆ ಕರ್ ಕರ್ ಶುರು. ಗುರುನಾಥ ನಿಂತರೆ ಗಪ್‌ಚಿಪ್.

“ಹುಳಾನೂ ಅವನ ಮಾತು ಕೇಳತೈತಿ ನೋಡ್ರೋ!” ಎಂದು ಹುಡುಗರು ನಕ್ಕರು.

“ಇಂವನ ಭಾಷಣಕ್ಕ ಅದಕ್ಕ ಹಸಿವಿ ಆಗತೈತಲೇ,” ಎಂದ ಗುರುನಾಥ.

ಅವನ ದನಿ, ಅವನಿಗೆ ಬೀಳುವ ಚಪ್ಪಾಳೆ, ಎಲ್ಲದಕ್ಕೂ ನನಗೆ ಮೊದಲೇ ಹೊಟ್ಟೆಕಿಚ್ಚು. ಈಗ ಒಂದು ಹುಳುವೂ ಅವನ ಪಕ್ಷ! ಪರೀಕ್ಷೆಯನ್ನೂ ಮಾಡಿದೆ. ಅವನ ಭಾಷಣ ನಾನು ಓದಿದೆ: ಕರ್ ಕರ್. ನನ್ನದನ್ನು ಅವನಿಂದ ಓದಿಸಿದೆ: ಮೌನ.

“ತಮ್ಮಾ, ನಿನ್ನ ವಾದ ಚಲೋ ಅದ. ಆದ್ರ ಮಂದಿ ಕಿವಿ ಕೊಡೂದು ಅವಗ,” ಎಂದು ನಮ್ಮನ್ನು ತಯಾರು ಮಾಡುತ್ತಿದ್ದ ಮಾಸ್ತರರು ಗುರುನಾಥನನ್ನೇ ಆರಿಸಿದರು.

ಸ್ಪರ್ಧೆಯ ದಿನ ಮಧ್ಯಾಹ್ನ ನಾನೊಬ್ಬನೇ ಆ ಮೇಜಿನ ಮುಂದೆ ಕುಳಿತಿದ್ದೆ. ಗುರುನಾಥನಿಗೆ ಧಾರವಾಡದಲ್ಲಿ ಮಾತು ಮರೆತುಹೋಗಲಿ ಎಂದೇ ಬಯಸುತ್ತಿದ್ದೆ, ಸುಳ್ಳೇಕೆ. ಹಲಗೆ ಕೊರೆಯುವ ಸದ್ದು ಎಂದಿಗಿಂತ ಜೋರಾಗಿತ್ತು. ಗುದ್ದಿದೆ, ನಿಲ್ಲಲಿಲ್ಲ. ಕಡೆಗೆ ರೇಗಿ ಕೂಗಿದೆ: “ಹೌದಪಾ, ಅಂವ ನನಗಿಂತ ಚಲೋ ಮಾತಾಡತಾನ. ಸಾಕಾತಿಲ್ಲೋ?”

ಸದ್ದು ನಿಂತಿತು.

ಸ್ವಲ್ಪ ಹೊತ್ತಿನಲ್ಲಿ ಹಲಗೆಯ ಅಂಚಿನ ತೂತಿನಿಂದ ಎರಡು ಮೀಸೆ ಹೊರಬಂದವು, ಹಿಂದೆ ಕಪ್ಪು ದುಂಬಿ. ಮೈಗಿಂತ ಮೀಸೆಯೇ ಉದ್ದ. ನನ್ನ ಕಡೆ ಅವನ್ನು ಆಡಿಸಿ, ಕಿಟಕಿಯಿಂದ ಹಾರಿಹೋಯಿತು.

ಪೈನ್ ಕಾಡಿನ ದುಂಬಿ ಅದು, ಕಡಿದ ಮರದಲ್ಲೂ ವರ್ಷಗಟ್ಟಲೆ ಮರಿಯಾಗಿದ್ದು ಹೊತ್ತು ಬಂದಾಗ ಹೊರಡುತ್ತದೆ ಎಂದು ಮಾಸ್ತರರು ಆಮೇಲೆ ವಿವರಿಸಿದರು. ಒಪ್ಪಿದೆ. ಆದರೆ ಹೊತ್ತು ಆ ಮಾತಿಗೇ ಸರಿಯಾಗಿ ಏಕೆ ಬರಬೇಕು? ಒಮ್ಮೆ ಆದದ್ದು ಪುರಾವೆಯಲ್ಲ, ನಿಜ. ಇನ್ನೊಮ್ಮೆ ಪರೀಕ್ಷಿಸೋಣವೆಂದರೆ ಹುಳುವೇ ಇಲ್ಲ.

ಗುರುನಾಥ ಗೆದ್ದು ಬಂದ. ಹುಳು ಹೊರಬಿದ್ದ ಸುದ್ದಿಯನ್ನು ಅವನಿಗೆ ಹೇಳಿದೆ. ನಾನು ಏನೆಂದಾಗ ಹೊರಬಿತ್ತು ಎಂಬುದನ್ನು ಮಾತ್ರ ಇವತ್ತಿಗೂ ಹೇಳಿಲ್ಲ.